ಹಳೆ ರೇಡಿಯೊ ಗುಂಯ್‌ಗುಟ್ಟಿದರೆ ಮೊದಲು ವಾಲ್ಯೂಮ್ ತಿರುಗಿಸಿ

ಅಟ್ಟದಿಂದ ಇಳಿಸಿದ ವಾಲ್ವ್ ರೇಡಿಯೊಗೆ ಪಾಲಿಶ್ ಆಯ್ತು, ಡಯಲ್ ಬೆಳಗಿತು, 765 ಕಿಲೋಹರ್ಟ್ಸ್‌ನಲ್ಲಿ ಧಾರವಾಡವೂ ಸಿಕ್ಕಿತು. ಆದರೆ ವಾರ್ತೆಯ ಹಿಂದೆಯೇ ಗುಂಯ್ ಅನ್ನುವ ಸದ್ದು. ಬಳ್ಳಾರಿಯಲ್ಲಿ ನಾನು ಕಂಡ ಬಹಳ ಮಂದಿ ಆಗ ಮಾಡುವುದು ಒಂದೇ ಕೆಲಸ: ಕೈಗೆ ಸಿಕ್ಕ ಕಂಡೆನ್ಸರನ್ನೆಲ್ಲ, ಅಂದರೆ ಕೆಪಾಸಿಟರುಗಳನ್ನೆಲ್ಲ, ಬದಲಿಸುವುದು. ಸದ್ದು ಹೋಗುವುದಿಲ್ಲ. ಕೆಲವೊಮ್ಮೆ ಇನ್ನೂ ಜಾಸ್ತಿಯಾಗುತ್ತದೆ.

ಮೊದಲು ಸದ್ದು ಹೊರಗಿನದೋ ಒಳಗಿನದೋ ನೋಡಿ. ಏರಿಯಲ್ ತೆಗೆಯಿರಿ. ಎಲ್‌ಇಡಿ ಬಲ್ಬು, ಚಾರ್ಜರ್ ಆಫ್ ಮಾಡಿ. ಪಕ್ಕದಲ್ಲೇ ಜೀನ್ಸ್ ಹೊಲಿಯುವ ಯೂನಿಟ್ ಇದ್ದರೆ ಮಷಿನ್ ನಿಂತ ಮೇಲೆ ಕೇಳಿ. ಸೆಲ್ಲಿನ ಟ್ರಾನ್ಸಿಸ್ಟರ್ ಕೂಡ ಅಲ್ಲೇ ಹಾಗೇ ಗುರುಗುಟ್ಟಿದರೆ ನಿಮ್ಮ ಸೆಟ್ಟಿನದು ತಪ್ಪಿಲ್ಲ.

ಈಗ ವಾಲ್ಯೂಮ್ ಪೂರ್ತಿ ಇಳಿಸಿ. ಗುಂಯ್ ನಿಂತರೆ ದೋಷ ವಾಲ್ಯೂಮ್ ಕಂಟ್ರೋಲಿಗೂ ಮೊದಲಿನ ಭಾಗದಲ್ಲಿದೆ. ಹಾಗೇ ಇದ್ದರೆ ಸ್ಪೀಕರ್ ನಡೆಸುವ ಔಟ್‌ಪುಟ್ ಕಡೆ, ಇಲ್ಲವೇ ಪವರ್ ಸಪ್ಲೈನಲ್ಲಿ. ಇಷ್ಟು ಗೊತ್ತಾಗದೆ ಬೆಸುಗೆ ಕಡ್ಡಿ ಹಿಡಿಯಬೇಡಿ.

ಚಾಸಿ (ಭಾಗಗಳನ್ನೆಲ್ಲ ಕೂರಿಸಿದ ಲೋಹದ ತಟ್ಟೆ) ಮುಟ್ಟುವ ಮುಂಚೆ ಪ್ಲಗ್ ಕಿತ್ತಿಡಿ. ಪವರ್ ಸಪ್ಲೈನ ಡಿಸಿಯನ್ನು ಸಮ ಮಾಡುವ ಫಿಲ್ಟರ್ ಕಂಡೆನ್ಸರಿನಲ್ಲಿ ಆಮೇಲೂ ಇನ್ನೂರು ಮುನ್ನೂರು ವೋಲ್ಟ್ ಉಳಿದಿರಬಹುದು. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವುದು ಜಾಣತನವಲ್ಲ. 10 ಕಿಲೋ ಓಮ್, 5 ವಾಟ್ ರೆಸಿಸ್ಟರಿಗೆ ಇನ್ಸುಲೇಟೆಡ್ ಕ್ಲಿಪ್ ಹಾಕಿ ಕೆಲವು ಸೆಕೆಂಡು ಹಿಡಿದು, ಮೀಟರಿನಲ್ಲಿ ನೋಡಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ಟಿನಲ್ಲಿ ಚಾಸಿಗೇ ಕರೆಂಟ್ ಬರಬಹುದು. ಸೆಟ್ಟನ್ನು ಮೈನ್ಸ್‌ನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದಿದ್ದರೆ ಅಂಥದ್ದನ್ನು ಬಿಚ್ಚಲೇಬೇಡಿ.

ಎಲ್ಲರೂ ಎಡವುವುದು ಫಿಲ್ಟರ್ ಕಂಡೆನ್ಸರಿನಲ್ಲಿ. ಹಳೆಯದರ ಮೇಲೆ ಬರೆದಷ್ಟೇ ಮೈಕ್ರೊಫ್ಯಾರಡ್ ಹಾಕಿ. 32 ಇದ್ದರೆ 33 ಸಾಕು. ದೊಡ್ಡದು ಹಾಕಿದರೆ ಗುಂಯ್ ಬೇಗ ಹೋಗುತ್ತದೆ ಅಂತ 220 ಹಾಕುವವರಿದ್ದಾರೆ. ಆನ್ ಮಾಡಿದಾಗ ಅದು ಎಳೆಯುವ ಕರೆಂಟಿಗೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ಸುಟ್ಟುಹೋದೀತು. ಇಜೆಡ್80 ಅನ್ನುವ ರೆಕ್ಟಿಫೈಯರಿಗೆ, ಅದರ ಪಕ್ಕದ ಮೊದಲ ಕಂಡೆನ್ಸರ್ 50 ಮೈಕ್ರೊಫ್ಯಾರಡ್ ದಾಟಬಾರದು. ನಮ್ಮ ಬೇಸಿಗೆಗೆ 450 ವೋಲ್ಟ್, 105 ಡಿಗ್ರಿಯದೇ ಬೇಕು. ಹೆಸರಿಲ್ಲದ ಅಗ್ಗದ ಮಾಲು ಬೇಡವೇ ಬೇಡ. ಹಳೆಯದನ್ನು ಬಿಡಿಸದೆ ಅದರ ಮೇಲೇ ಹೊಸದನ್ನು ಜೋಡಿಸಬೇಡಿ. ಹಳೆಯದು ಕರೆಂಟ್ ಸೋರಿಸುತ್ತಲೇ ಇರುತ್ತದೆ.

ಇನ್ನು ಫಿಲ್ಟರ್ ಕಂಡೆನ್ಸರಿನ ಮೈನಸ್ ತಂತಿ. ಎಲ್ಲ ಸೆಟ್ಟಿನಲ್ಲೂ ಅದು ಚಾಸಿಗೆ ಹೋಗುವುದಿಲ್ಲ. ಕೆಲವದರಲ್ಲಿ ಟ್ರಾನ್ಸ್‌ಫಾರ್ಮರಿನ ನಡುವಿನ ತಂತಿಗೂ (ಸೆಂಟರ್ ಟ್ಯಾಪ್) ಚಾಸಿಗೂ ಮಧ್ಯೆ ಒಂದು ರೆಸಿಸ್ಟರ್ ಇರುತ್ತದೆ. ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಬೇಕಾದ ಮೈನಸ್ ವೋಲ್ಟೇಜ್, ಅಂದರೆ ಬಯಾಸ್, ಬರುವುದು ಅದರಿಂದ. ಅಲ್ಲಿ ಮೊದಲ ಕಂಡೆನ್ಸರಿನ ಮೈನಸ್ ಆ ನಡುವಿನ ತಂತಿಗೇ ಹೋಗಬೇಕು. ಚಾಸಿಗೆ ಕೊಟ್ಟರೆ ಚಾರ್ಜಿಂಗ್ ಕರೆಂಟೆಲ್ಲ ರೆಸಿಸ್ಟರ್ ಮೂಲಕ ಹರಿದು, ಹೊಸ ಕಂಡೆನ್ಸರ್ ಇದ್ದೂ ಗುಂಯ್ ಬರುತ್ತದೆ. ಹಳೆ ಕಂಡೆನ್ಸರ್ ಡಬ್ಬಿಯ ಕೆಳಗೆ, ಅದು ಚಾಸಿಗೆ ತಾಗದಂತೆ, ಫೈಬರ್ ವಾಷರ್ ಇತ್ತಾ? ಹಾಗಾದರೆ ಅನುಮಾನಪಡಿ. ಅದಕ್ಕೇ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದಿಡಿ ಅನ್ನುವುದು.

ವಾಲ್ಯೂಮ್ ಇಳಿಸಿದಾಗ ಗುಂಯ್ ನಿಂತಿದ್ದರೆ ವೈರಿಂಗ್ ನೋಡಿ. ವಾಲ್ಯೂಮ್ ಕಂಟ್ರೋಲಿನ ಹಿಂದೆಯೇ ಆನ್-ಆಫ್ ಸ್ವಿಚ್ ಇರುತ್ತದಲ್ಲಾ, ಅದರ ಮೈನ್ಸ್ ತಂತಿ, ವಾಲ್ವಿಗೆ ಸಿಗ್ನಲ್ ಒಯ್ಯುವ ಗ್ರಿಡ್ ತಂತಿಗೆ ತಾಗಿಕೊಂಡಿದ್ದರೂ ಸಾಕು, ಗುಂಯ್ ಬರುತ್ತದೆ. ಶೀಲ್ಡ್ ತಂತಿಯ ಹೊದಿಕೆಯನ್ನು ಚಾಸಿಗೆ ಬೆಸೆಯಲು ಮರೆತಿದ್ದರೂ ಅಷ್ಟೇ.

ಗರಗರ, ಚಟಪಟ ಬೇರೆ ಕಥೆ. ಅದು ಹೆಚ್ಚಾಗಿ ಧೂಳು, ಬಳ್ಳಾರಿಯಲ್ಲಿ ಅದಕ್ಕೇನು ಬರ ಹೇಳಿ! ಕಾಂಟ್ಯಾಕ್ಟ್ ಕ್ಲೀನರನ್ನು ವಾಲ್ಯೂಮ್ ಕಂಟ್ರೋಲ್, ಬ್ಯಾಂಡ್ ಸ್ವಿಚ್, ವಾಲ್ವ್ ಸಾಕೆಟ್‌ಗಳಿಗೆ ಸ್ವಲ್ಪ ಹೊಡೆದು ಆಡಿಸಿ, ಚೆನ್ನಾಗಿ ಒಣಗಲು ಬಿಡಿ. ತುಕ್ಕು ಬಿಡಿಸುವ ಎಣ್ಣೆ, ತೆಂಗಿನೆಣ್ಣೆ ಹಾಕಿದರೆ ಧೂಳು ಇನ್ನೂ ಅಂಟಿಕೊಳ್ಳುತ್ತದೆ.