ಸೈಟು ಕೊಳ್ಳುತ್ತಿದ್ದೀರೋ, ಸಟ್ಟಾ ಆಡುತ್ತಿದ್ದೀರೋ?

ಭಾನುವಾರ ಬೆಳಿಗ್ಗೆ ದೇವನಹಳ್ಳಿ ಕಡೆಗೆ ಹೋದರೆ ದಾರಿಯುದ್ದಕ್ಕೂ ಬಣ್ಣದ ಬಾವುಟ, ಶಾಮಿಯಾನ, ಬಂದವರಿಗೆಲ್ಲ ಮಜ್ಜಿಗೆ. ಮೊನ್ನೆಯವರೆಗೆ ರಾಗಿ ಬೆಳೆದ ಹೊಲದಲ್ಲಿ ಸುಣ್ಣ ಬಳಿದ ಗಡಿಕಲ್ಲುಗಳು. ‘ಹೋದ ವರ್ಷದ ರೇಟು ಕೇಳಿದರೆ ನಗುತ್ತೀರಿ ಸಾರ್’ ಎನ್ನುತ್ತಾನೆ ಮಾರುವವನು. ಮಜ್ಜಿಗೆ ಕುಡಿಯಿರಿ, ಮುಂಗಡ ಕೊಡಬೇಡಿ. ಮನೆಗೆ ಬಂದು ಒಂದು ಹಾಳೆ ತೆಗೆದುಕೊಳ್ಳಿ.

ಮೊದಲು, ಹತ್ತು ವರ್ಷ ಬೆಲೆ ಒಂದು ರೂಪಾಯಿಯೂ ಏರುವುದಿಲ್ಲ ಎಂದುಕೊಳ್ಳಿ. ಆಗಲೂ ಆ ಆಸ್ತಿಯಿಂದ ಬಾಡಿಗೆ, ಫಸಲು, ವಾಸಕ್ಕೊಂದು ಸೂರು ಸಿಗುವುದಾದರೆ ಅದು ಹೂಡಿಕೆ. ಮುಂದೆ ಬರುವವನು ಹೆಚ್ಚು ಕೊಟ್ಟರಷ್ಟೇ ಲಾಭ ಎನ್ನುವುದಾದರೆ ಸಟ್ಟಾ. ಸಟ್ಟಾ ಪಾಪವೇನಲ್ಲ, ಆದರೆ ಮಗಳ ಓದಿಗೆಂದು ಕೂಡಿಟ್ಟ ದುಡ್ಡಿನಲ್ಲಿ ಆಡುವಂಥದ್ದಲ್ಲ. ಫ್ಲ್ಯಾಟಿನವರು ಬೀಗುವುದೂ ಬೇಡ: 80 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ 22 ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ 2.64 ಲಕ್ಷ. ನಿರ್ವಹಣೆ, ಆಸ್ತಿ ತೆರಿಗೆ, ಖಾಲಿ ಬಿದ್ದ ಒಂದು ತಿಂಗಳು ಕಳೆದರೆ ಕೈಗೆ ಉಳಿಯುವುದು ಎರಡು ಲಕ್ಷದ ಆಸುಪಾಸು, ಅಂದರೆ ಶೇ 2.5. ಉಳಿದ ಆಸೆಯೆಲ್ಲ ಬೆಲೆ ಏರಿಕೆಯ ಮೇಲೆಯೇ.

ಎರಡನೆಯದು ಖಾಲಿ ಸೈಟಿನ ಲೆಕ್ಕ. ಇದನ್ನು ಯಾರೂ ಶಾಮಿಯಾನದಲ್ಲಿ ಮಾಡಿ ತೋರಿಸುವುದಿಲ್ಲ. 30x40 ಅಳತೆ, ಚದರಡಿಗೆ 4,000 ರೂಪಾಯಿ ಎಂದರೆ 48 ಲಕ್ಷ. ಶೇ 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿರುವ ನೋಂದಣಿ ಶುಲ್ಕ ಸೇರಿ ಇನ್ನೂ ಸುಮಾರು 3.65 ಲಕ್ಷ. ಈ 51.65 ಲಕ್ಷವನ್ನು ಶೇ 7ರ ಠೇವಣಿಯಲ್ಲಿಟ್ಟಿದ್ದರೆ ಐದು ವರ್ಷಕ್ಕೆ 72.4 ಲಕ್ಷ ಆಗುತ್ತಿತ್ತು. ಮಾರುವಾಗ ದಲ್ಲಾಳಿಗೆ ಶೇ 2 ಕೊಟ್ಟು ಅಷ್ಟೇ ಹಣ ಕೈಗೆ ಬರಬೇಕಾದರೆ ಚದರಡಿ 6,160ಕ್ಕೆ ಹೋಗಬೇಕು. ತೆರಿಗೆಯ ಮಾತು ಇನ್ನೂ ಬಂದಿಲ್ಲ! ಬೆಲೆ ಒಂದೂವರೆ ಪಟ್ಟು ಏರಿದ ಮೇಲೂ ನೀವು ಠೇವಣಿ ಇಟ್ಟ ಪಕ್ಕದ ಮನೆಯವರ ಸಮಕ್ಕೆ ಬಂದಿರುತ್ತೀರಿ, ಅಷ್ಟೆ.

ಮೂರನೆಯದಾಗಿ, ‘ಬರಲಿದೆ’ ಎಂಬ ಪದವನ್ನು ಜಾಹೀರಾತಿನಿಂದ ಹೊಡೆದುಹಾಕಿ ಓದಿ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಬಂದಿತು, ನಿಜ. ಆದರೆ ಬೆಂಗಳೂರಿನ ಹೊರವಲಯದ ಪೆರಿಫೆರಲ್ ರಿಂಗ್ ರಸ್ತೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಭೂಸ್ವಾಧೀನದ ಅಂತಿಮ ಅಧಿಸೂಚನೆ ಹೊರಡಿಸಿದ್ದು 2007ರಲ್ಲಿ; ಹತ್ತು ವರ್ಷ ಕಳೆದರೂ ರಸ್ತೆ ಬರಲಿಲ್ಲ. ಅಧಿಸೂಚನೆಯ ನಕ್ಷೆಯೊಳಗೆ ಸಿಕ್ಕಿಕೊಂಡ ಜಮೀನಿನವರು ಮಾರಲೂ ಆಗದೆ, ಕಟ್ಟಲೂ ಆಗದೆ ವರ್ಷಗಟ್ಟಲೆ ಕುಳಿತರು.

ಇನ್ನು ಕಾಗದಪತ್ರ. ಕನಿಷ್ಠ 30 ವರ್ಷದ ಋಣಭಾರ ಪತ್ರ (ಆಸ್ತಿಯ ಮಾರಾಟ, ಅಡಮಾನಗಳ ದಾಖಲೆ), ಕೃಷಿ ಜಮೀನನ್ನು ವಾಸಕ್ಕೆ ಬದಲಿಸಿದ ಭೂಪರಿವರ್ತನೆ ಆದೇಶ, ಅನುಮೋದಿತ ಬಡಾವಣೆ ನಕ್ಷೆ, ಇ-ಖಾತಾ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ), ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ ಕೊಡುವ ರೇರಾ ಸಂಖ್ಯೆ ಕೇಳಿ. ಸಾಲ ಬೇಡದಿದ್ದರೂ ಒಂದು ಬ್ಯಾಂಕಿಗೆ ಅರ್ಜಿ ಹಾಕಿ ನೋಡಿ. ‘ರೆವಿನ್ಯೂ ಸೈಟು, ಅಗ್ಗ’ ಎಂದು, ಅಂದರೆ ಭೂಪರಿವರ್ತನೆ, ಬಡಾವಣೆ ಅನುಮೋದನೆ ಇಲ್ಲದ ಜಮೀನಿನಲ್ಲಿ ತುಂಡು ಮಾಡಿ ಮಾರುವವನ ಸೈಟಿಗೆ ಬ್ಯಾಂಕಿನ ವಕೀಲರು ಒಪ್ಪುವುದು ಕಷ್ಟ. ನಾಳೆ ನಿಮ್ಮಿಂದ ಕೊಳ್ಳುವವನಿಗೂ ಸಾಲ ಸಿಗದು.

ಇಷ್ಟಾದ ಮೇಲೂ ಆಡುವ ಮನಸ್ಸಿದ್ದರೆ ಆಡಿ. 24 ತಿಂಗಳೊಳಗೆ ಮಾರಿದರೆ ಲಾಭವು ನಿಮ್ಮ ಆದಾಯಕ್ಕೆ ಸೇರಿ ತೆರಿಗೆ ಬೀಳುತ್ತದೆ, ನಂತರವಾದರೆ ಶೇ 12.5. ಹಾಳೆಯ ಕೆಳಗೆ ಎರಡು ಸಂಖ್ಯೆ ಬರೆಯಿರಿ: ಯಾವ ಬೆಲೆಗೆ ಮಾರುವಿರಿ, ಯಾವ ವರ್ಷದೊಳಗೆ ಮಾರುವಿರಿ. ಅದನ್ನು ಕ್ರಯಪತ್ರದ ಜೊತೆಯಲ್ಲೇ ಬೀರುವಿನಲ್ಲಿಡಿ.