ಹೊರಗುತ್ತಿಗೆ ಬಿಲ್ ಪಾಸ್ ಮಾಡುವ ಮೊದಲು ನಾನು ನೋಡುತ್ತಿದ್ದದ್ದು

ತಾಲ್ಲೂಕು ಆಸ್ಪತ್ರೆಯ ಕಚೇರಿಯಲ್ಲಿ ಹೊರಗುತ್ತಿಗೆ ಫೈಲು ನನ್ನ ಟೇಬಲ್ಲಿಗೆ ಬಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು. "ಏಜೆನ್ಸಿಯವರು ಬಿಲ್ ಕೊಡ್ತಾರೆ. ಹಾಜರಾತಿ ನೋಡಿ ಖಜಾನೆಗೆ ಕಳಿಸಿ, ಅಷ್ಟೇ." ವಾರ್ಡ್ ಗುಡಿಸಿ ಒರೆಸುವವರು, ಸೆಕ್ಯುರಿಟಿ, ಡಾಟಾ ಎಂಟ್ರಿಯವರು ಎಲ್ಲರೂ ಏಜೆನ್ಸಿಯ ಜನ. ಅವರ ಸಂಬಳದ ಚಿಂತೆ ನಮಗ್ಯಾಕೆ ಎನ್ನುವ ಧೋರಣೆ ಕಚೇರಿಯಲ್ಲಿತ್ತು.

ಕಾನೂನು ಹಾಗೆ ಹೇಳುತ್ತಿರಲಿಲ್ಲ. ಆಗ ನಮಗೆ ಅನ್ವಯವಾಗುತ್ತಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಂ ಪ್ರಕಾರ, ಗುತ್ತಿಗೆದಾರ ಸಂಬಳ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಕೆಲಸ ಮಾಡಿಸಿಕೊಂಡವರೇ ಕೊಡಬೇಕು. ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. ಸಂಬಳ ಬಟವಾಡೆ ಆಗುವಾಗ ನಮ್ಮ ಕಡೆಯವರೊಬ್ಬರು ಹಾಜರಿರಬೇಕು ಅಂತಲೂ ಇತ್ತು. ನಾನು ಆ ಪುಟದ ಜೆರಾಕ್ಸ್ ಮಾಡಿಸಿ ಫೈಲಿನ ಮೊದಲಲ್ಲೇ ಹಾಕಿದೆ.

ಟೆಂಡರಿನಲ್ಲಿ ಸಂಬಳ, ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಟೆಂಡರ್ ಹಾಕುವ ಎಲ್ಲರಿಗೂ ಒಂದೇ. ಪೈಪೋಟಿ ಇರೋದು ಸೇವಾ ಶುಲ್ಕದಲ್ಲಿ, ಅಂದರೆ ಏಜೆನ್ಸಿ ತನಗೆ ಅಂತ ಕೇಳುವ ಹಣದಲ್ಲಿ ಮಾತ್ರ. ಅದನ್ನು ಹೆಚ್ಚುಕಡಿಮೆ ಸೊನ್ನೆಗೆ ಇಳಿಸಿ ಬರೆದವರು ಗೆಲ್ಲುತ್ತಾರೆ. ಹಾಗೆ ಗೆದ್ದವರು ತಮ್ಮ ಕಚೇರಿ ಬಾಡಿಗೆ, ಸೂಪರ್‌ವೈಸರ್ ಖರ್ಚು ಎಲ್ಲಿಂದ ತರುತ್ತಾರೆ? ಈ ಪ್ರಶ್ನೆ ಇಟ್ಟುಕೊಂಡೇ ನಾನು ಬಿಲ್ ನೋಡುತ್ತಿದ್ದೆ.

ಉದಾಹರಣೆಗೆ 15,000 ರೂಪಾಯಿ ಸಂಬಳ ಅಂದುಕೊಳ್ಳಿ. ಕಾರ್ಮಿಕರ ಪಾಲಿನ ಪಿಎಫ್ ಶೇ. 12, ಅಂದರೆ 1,800. ಇಎಸ್‌ಐ ಶೇ. 0.75, ಅಂದರೆ 113. ಕೈಗೆ 13,087 ಬರಬೇಕು. ಮಾಲೀಕರ ಪಾಲು ಬೇರೆ: ಪಿಎಫ್‌ಗೆ ವಿಮೆ, ಆಡಳಿತ ಶುಲ್ಕ ಸೇರಿ ಶೇ. 13, ಇಎಸ್‌ಐಗೆ ಶೇ. 3.25. ಒಟ್ಟು 2,438. ಇದನ್ನು ಸರ್ಕಾರ ಬಿಲ್ಲಿನಲ್ಲೇ ಏಜೆನ್ಸಿಗೆ ಕೊಡುತ್ತದೆ. ಆದರೂ ಕೆಲವು ಕಡೆ ಎರಡೂ ಪಾಲನ್ನು ಕಾರ್ಮಿಕರ ಸಂಬಳದಲ್ಲೇ ಹಿಡಿಯುತ್ತಾರೆ. ಆಗ ಕೈಗೆ ಬರೋದು 10,649. ಬಡವರ ಮನೆಯಲ್ಲಿ ಹಾಗೆ ಹೋದ ದುಡ್ಡು ತಿಂಗಳ ರೇಷನ್ ಮತ್ತು ಮಗುವಿನ ಫೀಸು.

ಬಿಲ್ ಜೊತೆ ಪಿಎಫ್ ಚಲನ್ (ಹಣ ಕಟ್ಟಿದ ರಸೀದಿ) ಲಗತ್ತಿಸಿರುತ್ತಾರೆ. ಅದನ್ನು ನೋಡಿ ಸಮಾಧಾನ ಮಾಡಿಕೊಳ್ಳಬಾರದು. ಏಜೆನ್ಸಿ ಹತ್ತಾರು ಕಚೇರಿಗೆ ಜನ ಕೊಟ್ಟಿರುತ್ತದೆ, ಚಲನ್ ಎಲ್ಲರಿಗೂ ಸೇರಿ ಒಂದೇ ಇರುತ್ತದೆ. ಅದರಲ್ಲಿ ನಮ್ಮವರ ಹೆಸರು ಇಲ್ಲದೆಯೂ ಇರಬಹುದು. ನಾನು ಪಿಎಫ್ ವೆಬ್‌ಸೈಟಿನಲ್ಲಿ ಸಂಸ್ಥೆಯ ಹೆಸರು ಹುಡುಕಿ, ಆ ತಿಂಗಳ ಪಾವತಿ ತೆರೆದು, ಅಲ್ಲಿನ ಹೆಸರುಗಳನ್ನು ನಮ್ಮ ಹಾಜರಾತಿ ಪುಸ್ತಕದ ಜೊತೆ ಒಂದೊಂದಾಗಿ ತಾಳೆ ನೋಡುತ್ತಿದ್ದೆ. ಹೆಸರು ಕಾಣದಿದ್ದರೆ ಬಿಲ್ ವಾಪಸ್, ಜೊತೆಗೆ ಒಂದು ಪತ್ರ.

ಇಷ್ಟೆಲ್ಲಾ ಕಾಗದ ಸರಿ ಇದ್ದರೂ ಮೋಸ ನಡೆಯಬಹುದು. ಅದಕ್ಕೇ ಕಾರ್ಮಿಕರನ್ನೇ ಕೇಳಬೇಕು, ಸೂಪರ್‌ವೈಸರ್ ಇಲ್ಲದಾಗ.

"ಅಕ್ಕಾ, ಪಾಸ್‌ಬುಕ್ ಎಂಟ್ರಿ ಹಾಕಿಸಿದ್ದೀರಾ?"

"ಪಾಸ್‌ಬುಕ್ಕು ಐತೆ ಮೇಡಂ. ಎಟಿಎಂ ಕಾರ್ಡು ಸೂಪರ್‌ವೈಸರ್ ಹತ್ರ ಐತೆ."

ಬ್ಯಾಂಕಿಗೆ ಪೂರ್ತಿ ಸಂಬಳ ಬಿದ್ದಿರುತ್ತದೆ. ನಮ್ಮ ದಾಖಲೆ ಅಚ್ಚುಕಟ್ಟು. ದುಡ್ಡು ತೆಗೆಯುವವನು ಮಾತ್ರ ಬೇರೆ. ಇನ್ನೊಂದನ್ನೂ ಗಮನಿಸಿದೆ: ಯುಎಎನ್‌ಗೆ (ಪ್ರತಿಯೊಬ್ಬ ಕಾರ್ಮಿಕರಿಗೆ ಇರುವ ಕಾಯಂ ಪಿಎಫ್ ನಂಬರು) ಜೋಡಿಸಿದ ಮೊಬೈಲ್ ನಂಬರು ಕೆಲವರದ್ದು ಅವರದ್ದಾಗಿರಲೇ ಇಲ್ಲ. ಪಿಎಫ್ ಜಮಾ ಆದರೆ ಮೆಸೇಜು ಮತ್ತ್ಯಾರಿಗೋ ಹೋಗುತ್ತಿತ್ತು. ವೈದ್ಯಾಧಿಕಾರಿಗಳಿಗೆ ತಿಳಿಸಿ, ಕಾರ್ಡುಗಳನ್ನು ಅವರವರ ಕೈಗೆ ವಾಪಸ್ ಕೊಡಿಸಿದೆವು. ಮೊಬೈಲ್ ನಂಬರ್ ಬದಲಾಯಿಸುವ ಕೆಲಸಕ್ಕೆ ನಮ್ಮ ಡಾಟಾ ಎಂಟ್ರಿ ಹುಡುಗಿಯೇ ಕೂತಳು. ಅವಳೂ ಏಜೆನ್ಸಿಯವಳೇ ಅಲ್ವಾ, ಅವಳಿಗೆ ಅದರ ಬೆಲೆ ಗೊತ್ತಿತ್ತು.

ಏಜೆನ್ಸಿಯವರನ್ನಷ್ಟೇ ಬೈಯೋದು ನ್ಯಾಯ ಅಲ್ಲ. ನಮ್ಮ ಅನುದಾನವೇ ತಡವಾಗಿ ಬರುತ್ತಿತ್ತು. ಅನುದಾನ ಬರಲಿ ಬಿಡಲಿ, ಏಜೆನ್ಸಿ ತಿಂಗಳ ಸಂಬಳ ಕೊಡಲೇಬೇಕು ಅಂತ ಷರತ್ತು ಬರೆಯುತ್ತೇವೆ. ಸಣ್ಣ ಏಜೆನ್ಸಿ ಅಷ್ಟು ದುಡ್ಡು ಎಲ್ಲಿಂದ ಹಾಕುತ್ತದೆ? ಟೆಂಡರ್ ಕರೆಯುವಾಗಲೇ ಅವರ ಹಣಕಾಸಿನ ಶಕ್ತಿಯನ್ನು ಗಟ್ಟಿಯಾಗಿ ನೋಡಬೇಕು, ಬಿಲ್ಲನ್ನು ನಾವೂ ಕೂಡಲೇ ಕಳಿಸಬೇಕು.

ನನ್ನ ಅಭಿಪ್ರಾಯ ಕೇಳಿದರೆ, ದಿನಾ ಬೇಕೇ ಬೇಕಾದ ಕೆಲಸಕ್ಕೆ ಮಧ್ಯವರ್ತಿ ಬೇಡ. ಬೆಂಗಳೂರಿನಲ್ಲಿ 2018ರ ಹೊತ್ತಿಗೆ ಪೌರಕಾರ್ಮಿಕರಿಗೆ ಪಾಲಿಕೆಯೇ ನೇರವಾಗಿ ಸಂಬಳ ಕೊಡಲು ಶುರು ಮಾಡಿತು. ಆಸ್ಪತ್ರೆಯ ವಾರ್ಡ್ ಗುಡಿಸುವವರಿಗೆ ಯಾಕೆ ಆಗಬಾರದು? ಕಾಯಂ ಮಾಡಿ ಅಂದರೆ, ತಾತ್ಕಾಲಿಕ ನೌಕರರು ಕಾಯಂ ಆಗುವುದನ್ನು ಹಕ್ಕಾಗಿ ಕೇಳುವಂತಿಲ್ಲ ಎಂದ ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪು ಅಡ್ಡ ಬರುತ್ತದೆ ಅನ್ನುತ್ತಾರೆ. ನೇರ ಪಾವತಿಗೆ ಆ ತೀರ್ಪು ಅಡ್ಡಿಯಲ್ಲ.

ಅಲ್ಲಿಯವರೆಗೆ ಫೈಲು ನೋಡುವವರು ಇದೊಂದನ್ನಾದರೂ ಮಾಡಿ. ಟೆಂಡರ್ ಮುಗಿದು ಹೊಸ ಏಜೆನ್ಸಿ ಬಂದಾಗ ಜನ ಅವರೇ ಇರುತ್ತಾರೆ, ಆದರೆ ಹೊಸ ಏಜೆನ್ಸಿಯವರು ಸುಮ್ನೆ ಹೊಸ ಯುಎಎನ್ ಮಾಡಿಸಿಬಿಡುತ್ತಿದ್ದರು, ಹಳೇ ಪಿಎಫ್ ಹಳೇ ನಂಬರಿನಲ್ಲೇ ಉಳಿಯುತ್ತಿತ್ತು. ಹಳೇ ನಂಬರಿನಲ್ಲೇ ಮುಂದುವರಿಸಿ ಎಂದು ಕೆಲಸದ ಆದೇಶದಲ್ಲೇ ಬರೆಯಿರಿ. ಹಳೇ ಏಜೆನ್ಸಿ ಎಲ್ಲರ ಕೆಲಸ ಬಿಟ್ಟ ದಿನಾಂಕವನ್ನು ಪಿಎಫ್ ಖಾತೆಯಲ್ಲಿ ದಾಖಲಿಸುವವರೆಗೆ ಅವರ ಭದ್ರತಾ ಠೇವಣಿ ವಾಪಸ್ ಕೊಡಬೇಡಿ.