‘ಆಗುತ್ತದೆ ಸರ್’ ಎಂದರೆ ಏನು?

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನಮ್ಮ ಕಚೇರಿಯ ಏಳು ಜನರ ಸಾಫ್ಟ್‌ವೇರ್ ತಂಡಕ್ಕೆ ನಾನು ಸ್ಕ್ರಮ್ ಮಾಸ್ಟರ್, ಎಂದರೆ ಸ್ಕ್ರಮ್ ಎಂಬ ಕೆಲಸದ ಪದ್ಧತಿ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವವನು. ಗ್ರಾಹಕರು ನೆದರ್ಲ್ಯಾಂಡ್ಸ್‌ನವರು. ಮೊದಲ ಮೂರು ಸ್ಪ್ರಿಂಟ್‌ಗಳಲ್ಲಿ, ಎಂದರೆ ಕೆಲವೇ ವಾರಗಳ ಕೆಲಸದ ಕಂತುಗಳಲ್ಲಿ, ಒಪ್ಪಿಕೊಂಡ ಕೆಲಸ ಒಮ್ಮೆಯೂ ಹೊತ್ತಿಗೆ ಮುಗಿಯಲಿಲ್ಲ. ಪ್ಲಾನಿಂಗ್ ಸಭೆಯಲ್ಲಿ ಕೇಳಿದಾಗಲೆಲ್ಲ ಸಿಕ್ಕ ಉತ್ತರ ಮಾತ್ರ ಒಂದೇ: “ಆಗುತ್ತದೆ ಸರ್.” ಗ್ರಾಹಕರು ಅದನ್ನು ಕೊಟ್ಟ ಮಾತು ಎಂದುಕೊಂಡರು. ನಮ್ಮ ಹುಡುಗರ ಬಾಯಲ್ಲಿ ಅದಕ್ಕೆ ‘ಕೈಲಾದಷ್ಟು ಮಾಡುತ್ತೇವೆ’ ಎಂಬುದಷ್ಟೇ ಅರ್ಥ.

ಮೂರನೆಯ ಸ್ಪ್ರಿಂಟ್ ಮುಗಿದ ಸಂಜೆ ಎಲ್ಲರೂ ಗಿರ್ಮಿಟ್ ತಿನ್ನಲು ಹೋಗಿದ್ದೆವು. ಕೆಲಸಕ್ಕೆ ಸೇರಿ ವರ್ಷ ತುಂಬದ ಗದಗಿನ ಹುಡುಗಿಯೊಬ್ಬಳು ಮೆಲ್ಲಗೆ ಹೇಳಿದಳು: “ಹಳೆಯ ಡೇಟಾಬೇಸ್‌ನಲ್ಲಿ ತಾರೀಖುಗಳನ್ನು ಎರಡು ಬಗೆಯಲ್ಲಿ ಬರೆದಿದ್ದಾರೆ ಸರ್. ನನಗೆ ಮೊದಲೇ ಗೊತ್ತಿತ್ತು. ಹಿರಿಯರು ಮೂರು ಪಾಯಿಂಟ್ ಎಂದ ಮೇಲೆ ನಾನು ಹದಿಮೂರು ಎಂದು ಹೇಗೆ ಹೇಳಲಿ?” ಪಾಯಿಂಟ್ ಎಂದರೆ ಒಂದು ಕೆಲಸ ಎಷ್ಟು ದೊಡ್ಡದು ಎಂದು ತಂಡ ಅಂದಾಜಿಸಿ ಕೊಡುವ ಅಂಕಿ. ಅವಳು ತಪ್ಪು ಮಾಡಿರಲಿಲ್ಲ. ದೊಡ್ಡವರು ಮಾತಾಡಿದ ಮೇಲೆ ಎದುರಾಡಬಾರದು ಎಂದು ನನ್ನ ಮನೆಯಲ್ಲೂ ಕಲಿಸಿದ್ದರು.

2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಸಾಫ್ಟ್‌ವೇರನ್ನು ಸಣ್ಣ ಕಂತುಗಳಲ್ಲಿ ಮಾಡುತ್ತ, ಬದಲಾವಣೆಗೆ ಹೊಂದಿಕೊಳ್ಳುತ್ತ ಹೋಗುವ ಪದ್ಧತಿಯೇ ಅಜೈಲ್; ನಮ್ಮ ಸ್ಕ್ರಮ್ ಅದರದೇ ಒಂದು ಬಗೆ. ತಂಡದಲ್ಲಿರುವ ಪ್ರತಿಯೊಬ್ಬರೂ ಮನಸ್ಸಿನಲ್ಲಿದ್ದುದನ್ನು ಆಡಿಬಿಡುತ್ತಾರೆ ಎಂಬ ನಂಬಿಕೆಯ ಮೇಲೆ ಈ ಪದ್ಧತಿ ನಿಂತಿದೆ. ಮೇಲು-ಕೀಳಿನ ಅಧಿಕಾರವನ್ನು ಕೆಳಗಿನವರು ಎಷ್ಟರಮಟ್ಟಿಗೆ ಸಹಜವೆಂದು ಒಪ್ಪುತ್ತಾರೆ ಎಂದು ಅಳೆಯುವ, ಡಚ್ ಸಂಶೋಧಕ ಹಾಫ್‌ಸ್ಟೆಡ್ ಅವರ ಅಧಿಕಾರದ ಅಂತರದ ಸೂಚ್ಯಂಕದಲ್ಲಿ ನೆದರ್ಲ್ಯಾಂಡ್ಸ್‌ಗೆ 38, ಭಾರತಕ್ಕೆ 77. ಇಂಥ ಅಂಕಿ ದೇಶದ ಸರಾಸರಿಯನ್ನು ಹೇಳುತ್ತದೆಯೇ ಹೊರತು ಎದುರಿಗೆ ಕುಳಿತವರ ಸ್ವಭಾವವನ್ನಲ್ಲ. ಆದರೂ ನಮ್ಮ ಸಭೆಯ ಮೌನ ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ಅದನ್ನು ಓದಿದ ಮೇಲೆಯೇ.

ಮುಂದಿನ ಪ್ಲಾನಿಂಗ್‌ಗೆ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂಬದಿಗೆ 1, 2, 3, 5, 8, 13 ಎಂದು ಬರೆದು ಎಲ್ಲರಿಗೂ ಹಂಚಿದೆ. ಎಲ್ಲರೂ ಒಟ್ಟಿಗೇ ಚೀಟಿ ತೋರಿಸಬೇಕು. ಅತಿ ದೊಡ್ಡ ಮತ್ತು ಅತಿ ಸಣ್ಣ ಅಂಕಿ ತೋರಿಸಿದವರು ಮೊದಲು ಕಾರಣ ಹೇಳಬೇಕು. ಪ್ಲಾನಿಂಗ್ ಪೋಕರ್ ಎಂದರೆ ಇದೇ. ಆರು ಜನರ ಕೈಯಲ್ಲಿ 3, ಗದಗಿನ ಹುಡುಗಿಯ ಕೈಯಲ್ಲಿ 13. ಚೀಟಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಳು. ನಿಯಮವೇ ಕೇಳಿದ್ದರಿಂದ ಹಿರಿಯರ ಮಾತು ಮೀರಿದಂತಾಗಲಿಲ್ಲ. ಹತ್ತು ನಿಮಿಷ ವಿವರಿಸಿದಳು. ತಂಡದ ಅತಿ ಹಿರಿಯರು ತಾವಾಗಿಯೇ ಚೀಟಿ ಬದಲಿಸಿದರು.

ಬೆಳಗಿನ ಸ್ಟ್ಯಾಂಡಪ್‌ನಲ್ಲಿ, ಎಂದರೆ ನಿಂತೇ ನಡೆಸುವ ಚುಟುಕು ಸಭೆಯಲ್ಲಿ, ಎಲ್ಲರೂ ನನ್ನ ಮುಖ ನೋಡಿ ವರದಿ ಒಪ್ಪಿಸುತ್ತಿದ್ದರು. ಅದಕ್ಕೇ ಬೋರ್ಡಿನ ಮುಂದಿನ ಜಾಗ ಬಿಟ್ಟು ಹಿಂದೆ ನಿಲ್ಲತೊಡಗಿದೆ. ಗ್ರಾಹಕರಿಗೂ ಒಂದು ಮನವಿ ಮಾಡಿದೆ: “ಆಗುತ್ತದೆಯೇ ಎಂದು ಕೇಳಬೇಡಿ, ಎಲ್ಲಿ ತೊಡಕಾಗಬಹುದು ಎಂದು ಕೇಳಿ.”

ಹಾಗೆಂದು ಹಿರಿಯರ ಮೇಲಿನ ಗೌರವವನ್ನು ನಾನು ದೋಷವೆನ್ನಲಾರೆ. ಊರ ಜಾತ್ರೆಗೆಂದು ಒಬ್ಬರು ರಜೆ ಹಾಕಿದರೆ, ಯಾರೂ ಹೇಳದೆಯೇ ಇನ್ನೊಬ್ಬರು ಅವರ ಕೆಲಸ ಎತ್ತಿಕೊಳ್ಳುವುದೂ ಇದೇ ತಂಡದಲ್ಲಿ. ಗ್ರಾಹಕರ ಕಡೆಯ ದೊಡ್ಡ ಅಧಿಕಾರಿ ಕರೆಗೆ ಬಂದ ದಿನ ಮಾತ್ರ ಹಳೆಯ ಮೌನ ಈಗಲೂ ಮರಳುತ್ತದೆ. ಅಂಥ ದಿನ ಅರ್ಧ ಗಂಟೆ ಮೊದಲೇ ನಾವಷ್ಟೇ ಕುಳಿತು ಚೀಟಿ ತೋರಿಸಿಕೊಳ್ಳುತ್ತೇವೆ.